ಕತ್ತಲಲ್ಲಿ ಹೊಳೆಯಬಾರದ ಕಣ್ಣು

ಸಂಶಿಯ ಪೇಟೆಯಲ್ಲಿ ಎದುರಿಗೆ ಹೋರಿ ಬಂತೆಂದರೆ ನಮ್ಮ ವಿಜ್ಞಾನ ಮಾಸ್ತರರು ಯಾವುದಾದರೂ ಅಂಗಡಿಯ ಕಟ್ಟೆ ಹತ್ತಿ ನಿಲ್ಲುತ್ತಿದ್ದರು. ಆರಡಿಯ ಆಳು, ಇಸ್ತ್ರಿ ಮಾಡಿದ ಬಿಳಿ ಧೋತರ, ಬಗಲಲ್ಲಿ ಹಾಜರಿ ಪುಸ್ತಕ. ಹೋರಿ ಮರೆಯಾದ ಮೇಲೆಯೇ ಕೆಳಗಿಳಿಯುವುದು. ಯಾರೂ ನಗುತ್ತಿರಲಿಲ್ಲ. ಅವರ ಎಡಗಣ್ಣು ಗಾಜಿನದು. ಒಂದೂವರೆ ವರ್ಷದ ಕೂಸಾಗಿದ್ದಾಗ ತಾಯಿಯ ತವರಿನ ಹಿತ್ತಲಲ್ಲಿ ಹೋರಿ ಹಾಯ್ದು ಕಣ್ಣು ಹೋಯಿತೆಂಬುದು ಊರಿಗೆಲ್ಲ ಗೊತ್ತಿದ್ದ ಕತೆ. ಅವರೂ ಅದನ್ನೇ ನಂಬಿದ್ದರು.

ಅವರು ತೀರಿಕೊಂಡ ಸುದ್ದಿ ತಿಳಿದು ಮೊನ್ನೆ ಆ ಮನೆಗೆ ಹೋಗಿಬಂದೆ. ಬಂದಾಗಿನಿಂದ ಬರೆಯಬೇಕು ಅನಿಸುತ್ತಿದೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ; ಊರಿನ, ಮಕ್ಕಳ ಹೆಸರುಗಳನ್ನೂ ಬದಲಿಸಿದ್ದೇನೆ. ಹೆಸರು ಹೇಳಿದರೆ ಒಂದು ಮನೆತನದ ರಕ್ತದ ವಿಷಯವನ್ನೇ ಬಯಲಿಗಿಟ್ಟಂತಾಗುತ್ತದೆ, ಆ ಮನೆತನದಲ್ಲಿ ಇನ್ನೂ ಮದುವೆಯಾಗಬೇಕಾದ ಮಕ್ಕಳಿದ್ದಾರೆ.

ನಾನು ಸಂಶಿಯ ಹೈಸ್ಕೂಲಿಗೆ ಗಣಿತ ಕಲಿಸಲು ಹೋದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಮದುವೆಯಾಗಿರಲಿಲ್ಲ. ಅವರ ಮನೆಯ ಮುಂದಿನ ಖೋಲಿಯೇ ಬಾಡಿಗೆಗೆ ಸಿಕ್ಕಿತು. ಮಣ್ಣಿನ ಮಾಳಿಗೆಯ ಮನೆ. ನಡುಮನೆಗೆ ಇದ್ದದ್ದು ಒಂದೇ ಬೆಳಕಿಂಡಿ, ಹೀಗಾಗಿ ಹಗಲಲ್ಲೂ ಅಲ್ಲಿ ಕತ್ತಲು. ಮನೆಯಲ್ಲಿ ಅವರು, ಅವರ ತಾಯಿ, ನಾನು ವೈನಿ ಎಂದು ಕರೆಯುತ್ತಿದ್ದ ಅವರ ಹೆಂಡತಿ, ಮತ್ತು ಎರಡು ವರ್ಷದ ಮಗ ಬಸು.

ಒಂದೇ ಕಣ್ಣಿನವರಾದ್ದರಿಂದ ಯಾರನ್ನಾದರೂ ನೋಡಬೇಕಾದರೆ ಅವರು ಇಡೀ ತಲೆಯನ್ನೇ ತಿರುಗಿಸುತ್ತಿದ್ದರು. ಹಾಗೆ ನೋಡಿಸಿಕೊಂಡವನು ತಾನು ಭಾರೀ ದೊಡ್ಡ ಮನುಷ್ಯ ಎಂದು ಉಬ್ಬುತ್ತಿದ್ದ. ನಾನೂ ಉಬ್ಬಿದ್ದೆ. ಪಾಠದ ಹೊತ್ತಿನಲ್ಲಿ ಅವರದು ಒಂದೇ ಮಾತು: "ನೋಡಿ ಹೇಳ್ರಿ, ನೆನೆಸಿ ಹೇಳಬ್ಯಾಡ್ರಿ." ಒಮ್ಮೆ ಶಾಲೆ ತಪಾಸಣೆಗೆ ಬಂದ ಸಾಹೇಬರು ಜೇಡನಿಗೆ ಆರು ಕಾಲು ಎಂದುಬಿಟ್ಟರು. ಇವರು ಮೂಲೆಯಿಂದ ಒಂದು ಜೇಡನನ್ನು ಗಾಜಿನ ಲೋಟದಲ್ಲಿ ಹಿಡಿದು ತಂದು ಸಾಹೇಬರ ಮೇಜಿನ ಮೇಲಿಟ್ಟು, "ನೋಡಿ ಹೇಳ್ರಿ ಸಾಹೇಬ್ರ" ಎಂದರು. ಸಾಹೇಬರು ಎಣಿಸಿದರು. ಹೆಡ್‌ಮಾಸ್ತರರು ಆ ದಿನ ಊಟ ಮಾಡಲಿಲ್ಲ.

ಇಂಥ ಮನುಷ್ಯ ತನ್ನ ಮಗನ ಕಣ್ಣನ್ನು ನೋಡಲಿಲ್ಲ. ನಾವ್ಯಾರೂ ನೋಡಲಿಲ್ಲ. ಸಂಜೆ ದೀಪ ಹಚ್ಚುವಾಗ ಬಸುವಿನ ಕಣ್ಣು ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯುತ್ತಿತ್ತು. ಓಣಿಯ ಹೆಂಗಸರು ಅದನ್ನು ಚಂದವೆಂದೇ ತಿಳಿದು ಲಟಿಕೆ ಮುರಿಯುತ್ತಿದ್ದರು. ನಾನು ಅವನನ್ನು "ಏ ಬೆಕ್ಕಿನಮರಿ" ಎಂದು ಕರೆದು ತೊಡೆಯ ಮೇಲೆ ಕುಣಿಸುತ್ತಿದ್ದೆ. ಆ ಮಾತು ನೆನಪಾದರೆ ಇವತ್ತಿಗೂ ನನ್ನ ನಾಲಿಗೆ ಕಿತ್ತುಕೊಳ್ಳಬೇಕು ಅನಿಸುತ್ತದೆ. ಅಜ್ಜಿ ಒಬ್ಬಳೇ ನಗುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮೊಮ್ಮಗನನ್ನು ಎತ್ತಿಕೊಂಡು ಅಂಗಳದ ಬೆಳಕಿಗೆ ಹೋಗಿಬಿಡುತ್ತಿದ್ದಳು.

ಕೆಲವು ತಿಂಗಳಲ್ಲಿ ಕಣ್ಣು ಕೆಂಪಾಗಿ ಊದಿತು. ಊರ ಔಷಧ, ತಾಯಿತ, ದೃಷ್ಟಿ ತೆಗೆಯುವುದು ಎಲ್ಲ ಆಯಿತು. ಹುಬ್ಬಳ್ಳಿಗೆ ಒಯ್ಯುವ ಹೊತ್ತಿಗೆ ಒಳಗಿನ ಗಂಟು ಹೊರಗೆ ಬಂದಿತ್ತು. ಹತ್ತಿ ಬಿಡಿಸುವ ಕಾಲಕ್ಕೆ ಬಸು ಹೋದ. ಮೂರು ವರ್ಷವೂ ತುಂಬಿರಲಿಲ್ಲ.

ಅದಾಗಿ ಎರಡು ತಿಂಗಳಿಗೆ ಇರಬೇಕು, ನಾವಿಬ್ಬರೂ ಸಂತೆಯಿಂದ ಬರುವಾಗ ಎದುರಿಗೆ ಜೋಡಿ ಹೋರಿಗಳು ಬಂದವು. ಅವರು ಕಟ್ಟೆ ಹತ್ತಲಿಲ್ಲ. ನಾನು ಹೆದರಿ ತೋಳು ಹಿಡಿದು ಎಳೆದೆ. ಅವರು ಕೈ ಬಿಡಿಸಿಕೊಂಡು ಹೋರಿಯ ಬಾಜೂಕೇ ನಡೆದುಹೋದರು. "ಅದರದೇನು ತಪ್ಪಿಲ್ಲ ಬಿಡ್ರಿ" ಎಂದರು. ದುಃಖದಲ್ಲಿ ಮನುಷ್ಯನಿಗೆ ಜೀವದ ಹಂಗು ಇರುವುದಿಲ್ಲ ಎಂದುಕೊಂಡು ನಾನೂ ಹಿಂದೆ ನಡೆದೆ.

ಆ ವರ್ಷ ವಿಜ್ಞಾನದ ಪುಸ್ತಕದಲ್ಲಿ ಅನುವಂಶೀಯತೆಯ ಪಾಠವಿತ್ತು. ಅವರು ನನ್ನ ಬಳಿ ಬಂದು, "ಈ ಪಾಠ ನೀವ ತೊಗೋರಿ. ಬರೇ ಲೆಕ್ಕ ಐತಿ" ಎಂದರು.

"ಯಾಕ್ರಿ, ಹುಡಿಗ್ಯಾರ ಮುಂದ ನಾಚಿಕಿ ಬರ್ತೈತೇನು?" ಎಂದು ನಾನು ಕಾಡಿಸಿದೆ. ಅವರು ಪುಸ್ತಕವನ್ನು ನನ್ನ ಕೈಗಿಟ್ಟು ಹೋದರು.

ನಾನು ಪಾಠ ಮಾಡಿದೆ. ದೇಹದ ಒಂದೊಂದು ಕಣದಲ್ಲೂ ವರ್ಣತಂತುಗಳು ಜೋಡಿಜೋಡಿಯಾಗಿ ಇರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ತಂದೆಯ ಜೋಡಿಯಲ್ಲಿ ಒಂದು ಕೆಟ್ಟಿದ್ದರೆ ಮಗುವಿಗೆ ಕೆಟ್ಟದ್ದೇ ಬರುವ ಸಂಭವ ಎಷ್ಟು? ಅರ್ಧ. ಬೋರ್ಡಿನ ಮೇಲೆ ದೊಡ್ಡದಾಗಿ ಒಂದರ ಕೆಳಗೆ ಎರಡು ಬರೆದು ಕೈಗೆ ಹತ್ತಿದ ಖಡುವಿನ ಬಿಳಿ ಪುಡಿ ಒರೆಸಿಕೊಂಡೆ. ನನಗೆ ಅದು ಬಹಳ ಸರಳ ಲೆಕ್ಕವಾಗಿತ್ತು.

ವೈನಿ ಮತ್ತೆ ಬಸಿರಾದರು. ಮನೆಯಲ್ಲಿ ಎಲ್ಲರಿಗೂ ಸಂತೋಷ, ಇವರೊಬ್ಬರ ಮುಖ ಬಾಡಿತು. ಒಂದು ಸಂಜೆ ಕೆರೆಯ ಏರಿಯ ಮೇಲೆ ನನ್ನನ್ನು ಕೂಡಿಸಿಕೊಂಡು ಎಲ್ಲ ಹೇಳಿದರು. ಹೋರಿ ಹಾಯ್ದದ್ದು ಸುಳ್ಳು. ಕೂಸಾಗಿದ್ದಾಗ ಇವರ ಕಣ್ಣೂ ಹಾಗೆಯೇ ಹೊಳೆಯುತ್ತಿತ್ತಂತೆ. ತಾಯಿ ತನ್ನ ತಮ್ಮನೊಂದಿಗೆ ಇವರನ್ನು ದೂರದ ಒಂದು ಮಿಶನ್ ದವಾಖಾನೆಗೆ ಒಯ್ದಿದ್ದಳು. ಒಳಗೆ ಗಂಟಿದೆ ಎಂದು ಅಲ್ಲಿ ಕಣ್ಣು ತೆಗೆದರು, ಜೀವ ಉಳಿಯಿತು. ಆದರೆ ಹುಟ್ಟಾ ರೋಗದ ಮನೆತನ ಎಂದು ತಿಳಿದರೆ ನಾಳೆ ಇವನಿಗೆ ಕನ್ಯೆ ಯಾರು ಕೊಡುತ್ತಾರೆ, ಇವನ ಬೆನ್ನಿಗೆ ಹುಟ್ಟುವ ತಂಗಿಯನ್ನು ಯಾರು ತಂದುಕೊಳ್ಳುತ್ತಾರೆ? ದಾರಿಯಲ್ಲೇ ಅಕ್ಕ ತಮ್ಮ ಮಾತಾಡಿಕೊಂಡು ಹೋರಿಯ ಕತೆ ಕಟ್ಟಿಕೊಂಡು ಊರಿಗೆ ಬಂದರು. ನಮ್ಮ ಕಡೆ ಹೆಣ್ಣು ಗಂಡು ನೋಡುವಾಗ ಇಂಥ ಎಷ್ಟು ಹೋರಿಗಳು ಎಷ್ಟು ಮನೆಗಳನ್ನು ಕಾಯ್ದಿವೆಯೋ ಯಾರಿಗೆ ಗೊತ್ತು.

"ಬಸು ಹೋಗಿ ನಲವತ್ತು ದಿನ ಆದಮ್ಯಾಲ ಅವ್ವ ಹೇಳಿದ್ಲು" ಎಂದರು. "ಅವನ ಕಣ್ಣ ಮೊದಲನೇ ದಿನ ಹೊಳದಾಗನ ಆಕಿಗೆ ಗೊತ್ತಾಗಿತ್ತಂತ. ಹೇಳಾಕ ಬಾಯಿ ಬರಲಿಲ್ಲಪಾ ಅಂತ ಅತ್ತಳು."

ಅವರು ಧಾರವಾಡಕ್ಕೆ ಹೋಗಿ ದೊಡ್ಡ ದೊಡ್ಡ ಪುಸ್ತಕ ತಿರುವಿ ಬಂದಿದ್ದರು. ಇಂಥ ಕೆಲವು ಮಕ್ಕಳಲ್ಲಿ ಹದಿಮೂರನೆಯ ಜೋಡಿಯ ಒಂದು ವರ್ಣತಂತುವಿನ ಸಣ್ಣ ತುಂಡೇ ಇರುವುದಿಲ್ಲವಂತೆ. ಎಷ್ಟೋ ಜನರಲ್ಲಿ ಆ ಕೊರತೆ ಸೂಕ್ಷ್ಮದರ್ಶಕಕ್ಕೂ ಕಾಣಿಸುವುದಿಲ್ಲ, ಆದರೂ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ.

"ನೀವು ಬೋರ್ಡಿನ ಮ್ಯಾಲ ಅರ್ಧ ಅಂತ ಬರದ್ರಲ್ಲ, ನಾ ಕಿಡಕಿ ಹೊರಗ ನಿಂತು ಕೇಳಾಕತ್ತಿದ್ದೆ" ಎಂದರು. "ಒಂದ ಸಲ ಬಂದ್ರ ಮುಂದಿನ ಸಲ ಬರೂದಿಲ್ಲ ಅಂತ ಏನರ ಐತೇನ್ರಿ ನಿಮ್ಮ ಲೆಕ್ಕದಾಗ?"

ನಾನು ಗಣಿತದವನು. ಸುಳ್ಳು ಹೇಳಬೇಕಾದ ಹೊತ್ತಿನಲ್ಲಿ ನನಗೆ ಖರೆಯೇ ಬಾಯಿಗೆ ಬರುತ್ತದೆ. "ಇಲ್ರಿ. ಪ್ರತಿ ಸಲಾನೂ ಅರ್ಧನ" ಎಂದೆ. ಅವರು ತಲೆಯಾಡಿಸಿ ನೀರಿನ ಕಡೆ ತಿರುಗಿ ಕುಳಿತರು. ಅವರ ಗಾಜಿನ ಕಣ್ಣಷ್ಟೇ ನನ್ನ ಕಡೆ ಇತ್ತು.

"ವೈನಿಗೆ ಹೇಳಿಬಿಡ್ರಿ" ಎಂದೆ.

"ಹೆಂಗ ಹೇಳ್ಲಿ? ನನ್ನ ಕಣ್ಣಿನ ಮಾತ ತಗದ್ರ ಅವ್ವನ ಮಾತ ಬರ್ತೈತಿ. ಗೊತ್ತಿದ್ದೂ ಸುಮ್ಮನ ಕುಂತಿದ್ಲು ಅಂತ ತಿಳದ್ರ ಆಕಿ ಈ ಮನ್ಯಾಗ ಒಂದ ದಿನಾನೂ ಇರೂದಿಲ್ಲ."

ವೈನಿಯ ತವರು ಶಲವಡಿ. ಅಲ್ಲಿ ಹೆಣ್ಣು ಮಗು ಹುಟ್ಟಿತು, ಗಿರಿಜಾ. ಐದನೆಯ ತಿಂಗಳಿಗೆ ಕೂಸನ್ನು ಕರೆದುಕೊಂಡು ಬಂದಾಗ ಬಸ್ಸಿನ ಮೇಲೆ ತವರಿನವರು ಕೊಟ್ಟ ಕಲಘಟಗಿಯ ಬಣ್ಣದ ತೊಟ್ಟಿಲೂ ಬಂತು. ಓಣಿಯೆಲ್ಲ ತೊಟ್ಟಿಲು ನೋಡಲು ಕೂಡಿತು. ಮಾಸ್ತರರು ಮಾತ್ರ ಕೂಸಿನ ಕಣ್ಣು ನೋಡುತ್ತಿದ್ದರು.

ಅಂದಿನಿಂದ ಬ್ಯಾಟರಿ ದೀಪ ಹಿಡಿದು ನೋಡುವುದು ಶುರುವಾಯಿತು. ಶಾಲೆ ಬಿಟ್ಟು ಬಂದು ಕೈಕಾಲು ತೊಳೆದು ಕೂಸನ್ನು ನಡುಮನೆಗೆ ಒಯ್ಯುವರು. ಬೆಳಕಿಂಡಿಗೆ ಗೋಣಿಚೀಲ ತುರುಕುವರು. ನಾನು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಒಳಗಿನಿಂದ ಬ್ಯಾಟರಿಯ ಗುಂಡಿ ಒತ್ತಿದ ಸಪ್ಪಳ, ಆಮೇಲೆ ಏನೂ ಇಲ್ಲ. ಹಾಗೆ ಎರಡು ನಿಮಿಷ. ಹೊರಗೆ ಬಂದು "ಕಪ್ಪ ಐತ್ರಿ" ಎನ್ನುವರು. ಪಾಪೆ ಕಪ್ಪಗಿದೆ, ಒಳಗೆ ಏನೂ ಹೊಳೆಯುತ್ತಿಲ್ಲ ಎಂದು ಅರ್ಥ. ಆ ಮಾತು ಕೇಳಿದ ಮೇಲೆಯೇ ನನಗೆ ಚಹಾ ಇಳಿಯುತ್ತಿದ್ದುದು. ಮರುದಿನ ಮತ್ತೆ ಅದೇ ಹೆದರಿಕೆ. ನಿನ್ನೆಯ ಕಪ್ಪು ಇವತ್ತಿಗೆ ನಡೆಯುತ್ತಿರಲಿಲ್ಲ.

ಕಾರಣ ಗೊತ್ತಿಲ್ಲದ ವೈನಿಗೆ ಇದು ಹುಚ್ಚಾಗಿ ಕಂಡಿತು. "ಹಸುಗೂಸಿನ ಕಣ್ಣಿಗೆ ಯಾರರ ಬ್ಯಾಟರಿ ಹೊಡೀತಾರೇನ್ರಿ? ಒಂದು ಹೋತು. ಇದರ ಕಣ್ಣೂ ತೆಗೀಬೇಕಂತ ಮಾಡೀರೇನು?" ಎಂದು ಒಂದು ದಿನ ಜಗಳ ತೆಗೆದು ಬ್ಯಾಟರಿಯ ಸೆಲ್ಲುಗಳನ್ನು ಬಚ್ಚಿಟ್ಟರು. ಕೂಸನ್ನು ಅವರ ಕೈಗೆ ಒಂಟಿಯಾಗಿ ಕೊಡುವುದನ್ನೇ ಬಿಟ್ಟರು. ಹದಿನೈದು ದಿನ ಆ ಮನುಷ್ಯ ಶಾಲೆಯಲ್ಲಿ ಏನು ಕಲಿಸಿದರೋ ದೇವರಿಗೇ ಗೊತ್ತು. ನನ್ನ ಹತ್ತಿರ ಬಂದು, "ಇವತ್ತ ನಿಮ್ಮ ಕಣ್ಣಿಗೆ ಏನರ ಬಿತ್ತೇನ್ರಿ? ತೊಟ್ಟಿಲ ಕಡೆ ಹ್ವಾದಾಗ?" ಎಂದು ಪಿಸುಗುಡುತ್ತಿದ್ದರು. ಅವರ ತಾಯಿಯೋ ಬಸುವಿನ ಕಾಲದಲ್ಲಿ ಮಾಡಿದಂತೆಯೇ ಕೂಸನ್ನು ಸದಾ ಅಂಗಳದ ಬಿಸಿಲಲ್ಲಿ ಇಟ್ಟುಕೊಂಡು ಕೂಡುತ್ತಿದ್ದಳು. ಬೆಳಕಿನಲ್ಲಿ ಆ ಹೊಳಪು ಕಾಣುವುದಿಲ್ಲ.

ಒಂದು ಸಂಜೆ ವೈನಿ ಗುಡಿಗೆ ಹೋಗಿದ್ದರು. ಮಾಸ್ತರರು ಹೊಸ ಸೆಲ್ಲು ಕೊಂಡು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು. ಅಂಗಳದಲ್ಲಿ ಕುಳಿತ ತಾಯಿಯ ಮುಂದೆ ಕೈ ಚಾಚಿದರು. ಆಕೆ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಬ್ಯಾಡೋ. ನೋಡಬ್ಯಾಡ. ನೋಡಿದ್ರ ಇರತೈತಿ."

"ನೋಡಲಿಲ್ಲಂದ್ರೂ ಇರತೈತಿ ಬೇ" ಎಂದರು ಇವರು. ಕೂಸನ್ನು ಬಿಡಿಸಿಕೊಂಡು ಒಳಗೆ ಹೋದರು.

ಎರಡು ನಿಮಿಷ ಆಯಿತು. ಐದು ಆಯಿತು. ಹೊರಗೆ ಬರಲಿಲ್ಲ. ಆಮೇಲೆ ಅವರ ದನಿ: "ಸರ್ರ, ಒಳಗ ಬರ್ರಿ. ನನಗ ಇರೂದು ಒಂದ ಕಣ್ಣು. ನೀವು ಎರಡೂ ಕಣ್ಣಿಂದ ನೋಡ್ರಿ."

ನಾನು ಮೊಣಕಾಲೂರಿ ಕುಳಿತೆ. ಕೂಸು ಬ್ಯಾಟರಿ ನೋಡಿ ನಗುತ್ತಿತ್ತು. ಬಲಗಣ್ಣು ಕಪ್ಪು. ಎಡಗಣ್ಣೂ ಕಪ್ಪೇ. ಬ್ಯಾಟರಿಯನ್ನು ಅವರು ಕೂದಲೆಳೆಯಷ್ಟು ಓರೆ ಮಾಡಿದರು. ಆಳದಲ್ಲಿ, ಬಾವಿಯ ತಳದಲ್ಲಿ ಹಾಲು ಚೆಲ್ಲಿದಂತೆ, ಬೆಳ್ಳಗೆ ಏನೋ ಹೊಳೆದು ಮಾಯವಾಯಿತು. ಮತ್ತೆ ಓರೆ ಮಾಡಿದರು. ಮತ್ತೆ ಹೊಳೆಯಿತು. ಕಪ್ಪು ಐತಿ ಎಂದುಬಿಡಬೇಕು ಎಂದು ಬಾಯಿ ತೆರೆದೆ. ಅವರು ಇಡೀ ತಲೆ ತಿರುಗಿಸಿ ನನ್ನನ್ನು ನೋಡುತ್ತಿದ್ದರು.

"ಬಿಳುಪೈತ್ರಿ" ಎಂದೆ.

ಕೂಸಿಗೆ ಮೆಳ್ಳಗಣ್ಣು ಬರುತ್ತಿದೆ, ತೋರಿಸಿಬರೋಣ ಎಂದು ವೈನಿಗೆ ಹೇಳಿ ಮರುದಿನವೇ ಹುಬ್ಬಳ್ಳಿಗೆ ಹೊರಟೆವು. ಚೀಲ ಹಿಡಿಯಲು ನಾನೂ ಹೋದೆ. ಕಣ್ಣಿನ ಡಾಕ್ಟರರ ಮುಂದೆ ಬಾಗಿಲವರೆಗೆ ಜನ. ಅವರು ಕಿಟಕಿಯ ಬೆಳಕಿನಲ್ಲೇ ರೆಪ್ಪೆ ಎತ್ತಿ ನೋಡಿ, ಏನಿಲ್ಲ, ಇಷ್ಟು ಸಣ್ಣ ಕೂಸುಗಳಿಗೆ ಹೀಗೆ ಕಾಣುವುದುಂಟು, ಆರು ತಿಂಗಳು ಬಿಟ್ಟು ಬನ್ನಿ ಎಂದರು. ಚೀಟಿ ಬರೆಯುತ್ತ ಸುಮ್ಮನೆ ಕೇಳಿದರು: "ನಿಮ್ಮ ಕಣ್ಣಿಗೇನಾಗಿತ್ತು?"

"ಹೋರಿ ಹಾದಿತ್ರಿ."

ಚಿಕ್ಕಂದಿನಿಂದ ಹೇಳಿದ ಮಾತು, ತಾನಾಗಿಯೇ ಬಂದುಬಿಟ್ಟಿತು. ಡಾಕ್ಟರರು ತಲೆಯಾಡಿಸಿ ಮುಂದಿನವರನ್ನು ಕರೆದರು. ನಾವು ಎದ್ದೆವು. ನಾನು ಮಾಸ್ತರರ ಬೆನ್ನನ್ನೇ ನೋಡುತ್ತಿದ್ದೆ. ಆರು ತಿಂಗಳು ಎಂದರೇನು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಬಾಗಿಲ ಹತ್ತಿರ ಅವರು ನಿಂತರು. ಮೊದಲು ತಲೆ ತಿರುಗಿಸಿ ಹೆಂಡತಿಯನ್ನು ನೋಡಿದರು, ಆಮೇಲೆ ಡಾಕ್ಟರರನ್ನು.

"ಸುಳ್ಳ ಹೇಳಿದೆ ಡಾಕ್ಟರ್ರ. ಹೋರಿ ಹಾದಿಲ್ಲ. ಕೂಸಿದ್ದಾಗ ಗಂಟಾಗಿ ಕಣ್ಣ ತಗದಾರ. ಮೊದಲನೇ ಮಗಾನೂ ಇದರಿಂದನ ಹ್ವಾದಾ. ಇದು ನನ್ನ ರಕ್ತದಾಗ ಐತ್ರಿ."

ವೈನಿಯ ಕೈಯಲ್ಲಿದ್ದ ಕೂಸನ್ನು ನಾನು ಹಿಡಿದುಕೊಂಡೆ. ಹಿಡಿಯದಿದ್ದರೆ ಬೀಳುತ್ತಿತ್ತು.

ಡಾಕ್ಟರರು ಹೊರಗಿನ ಜನರನ್ನು ನಿಲ್ಲಿಸಿ ಕಿಟಕಿಯ ಪರದೆ ಎಳೆದರು. ಕೂಸಿನ ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿ, ಅರ್ಧ ತಾಸು ಬಿಟ್ಟು ಬಹಳ ಹೊತ್ತು ನೋಡಿದರು. ಮೊದಲಿನ ಅವಸರ ಈಗ ಇರಲಿಲ್ಲ. "ಎಡಗಣ್ಣು ತೆಗೀಬೇಕಾಗ್ತದ. ಒಂದು ವಾರ ಸೈತ ತಡಾ ಮಾಡಬ್ಯಾಡ್ರಿ. ಜೀವ ಉಳೀತದ ಅನಸ್ತದ. ಬಲಗಣ್ಣು ಇವತ್ತು ಚೊಕ್ಕ ಅದ. ಇವತ್ತಿನ ಮಾತಷ್ಟ ನಾ ಹೇಳಬಲ್ಲೆ. ಇನ್ನೈದು ವರ್ಷ ಅದನ್ನ ಕಾಯಬೇಕು" ಎಂದು, ದಕ್ಷಿಣದ ಒಂದು ದೊಡ್ಡ ದವಾಖಾನೆಗೆ ಪತ್ರ ಬರೆದುಕೊಟ್ಟರು.

ಹೊರಗೆ ಕಟ್ಟೆಯ ಮೇಲೆ ಕುಳಿತೆವು. ವೈನಿ ಅಳಲಿಲ್ಲ. ಒಂದೇ ಮಾತು ಕೇಳಿದರು: "ನಿಮ್ಮ ಅವ್ವಗ ಗೊತ್ತಿತ್ತೇನು? ಬಸುನ ಕಣ್ಣ ನೋಡಿದಾಗ ಗೊತ್ತಿತ್ತೇನು?"

"ಇಲ್ಲ" ಎಂದರು ಅವರು. "ದವಾಖಾನ್ಯಾಗ ಮಾಮಾಗ ಅಷ್ಟ ಹೇಳಿದ್ರಂತ. ಅವ್ವಗ ಗಂಟಿನ ಮಾತ ಗೊತ್ತಿರಲಿಲ್ಲ. ಮಾಮಾ ಸಾಯೂ ಮುಂದ ನನಗೊಬ್ಬಗ ಹೇಳಿದಾ."

ಅದು ಸುಳ್ಳೆಂದು ನನಗೆ ಗೊತ್ತಿತ್ತು. ತನ್ನ ಮೇಲಿನದನ್ನೆಲ್ಲ ಒಪ್ಪಿಕೊಂಡ ಮನುಷ್ಯ ತಾಯಿಯದೊಂದನ್ನು ಮಾತ್ರ ಮುಚ್ಚಿದ. ತಪ್ಪೋ ಸರಿಯೋ ಲೆಕ್ಕ ಹಾಕಲು ನನಗೆ ಬರಲಿಲ್ಲ.

ಮೂರು ವಾರದ ಮೇಲೆ ಅವರು ಕೂಸಿನೊಂದಿಗೆ ತಿರುಗಿ ಬಂದರು. ಒಂದು ಕಣ್ಣಿಗೆ ಪಟ್ಟಿ. ಅಜ್ಜಿ ಬಾಗಿಲಲ್ಲೇ ಕೂಸನ್ನು ಇಸಿದುಕೊಂಡು, ಯಾರನ್ನೂ ಏನೂ ಕೇಳದೆ ನೇರ ನಡುಮನೆಗೆ ಹೋದಳು. ಬೆಳಕಿಂಡಿ ಮುಚ್ಚಿದಳು. "ಬ್ಯಾಟರಿ ಕೊಡವಾ" ಎಂದಳು. ವೈನಿ ಒಂದು ಗಳಿಗೆ ಅವಳನ್ನೇ ನೋಡುತ್ತ ನಿಂತು, ಬಚ್ಚಿಟ್ಟ ಸೆಲ್ಲುಗಳನ್ನು ತಂದು ಬ್ಯಾಟರಿಗೆ ಹಾಕಿ ಕೊಟ್ಟರು. ಅಂದಿನಿಂದ ದಿನಾಲೂ ಬಲಗಣ್ಣು ನೋಡುವ ಕೆಲಸ ಅಜ್ಜಿಯದಾಯಿತು. ಮಾಸ್ತರರು ಮತ್ತೆ ಬ್ಯಾಟರಿ ಮುಟ್ಟಲಿಲ್ಲ. ಅವರು ನನ್ನೊಂದಿಗೆ ಬಾಗಿಲಲ್ಲಿ ನಿಂತು "ಕಪ್ಪ ಐತಿ" ಎಂಬ ಮಾತಿಗೆ ಕಾಯುವರು.

ಹೆದರಿಕೆ ಅವರನ್ನು ಬಿಡಲಿಲ್ಲ. ಊರಲ್ಲಿ ಯಾರದಾದರೂ ಕೂಸು ಕಂಡರೆ ತಲೆ ತಿರುಗಿಸಿ ಅದರ ಕಣ್ಣಲ್ಲಿ ಇಣುಕುವರು. ಒಕ್ಕಣ್ಣಿನವನ ದೃಷ್ಟಿ ಕೆಟ್ಟದ್ದೆಂದು ತಾಯಂದಿರು ಸೆರಗು ಮುಚ್ಚುವರು. ಅಣ್ಣಿಗೇರಿಯ ಬಸ್ಸಿನಲ್ಲಿ ಒಬ್ಬ ಹೆಂಗಸು ನನ್ನೆದುರೇ ಬೈದಳು. ಇವರು ಇಳಿಯುವ ಮೊದಲು ಅವಳಿಗೆ, "ಕತ್ತಲದಾಗ ಒಮ್ಮಿ ದೀಪಾ ಹಿಡಿದು ನೋಡ ತಂಗಿ. ಬೆಳ್ಳಗ ಹೊಳದ್ರ ದವಾಖಾನಿಗೆ ಓಡು" ಎಂದು ಹೇಳಿಯೇ ಇಳಿದರು. ಅವಳು ಉಗುಳಿದಳು. ಅವರು ಮುಖ ಒರೆಸಿಕೊಂಡು ನಡೆದರು.

ಎರಡು ವರ್ಷದ ಮೇಲೆ ನನಗೆ ನವಲಗುಂದಕ್ಕೆ ವರ್ಗವಾಯಿತು. ಮುಂದೆ ನನಗೂ ಮಕ್ಕಳಾದವು. ಅವುಗಳ ಕಣ್ಣಿಗೆ ನಾನು ಬ್ಯಾಟರಿ ಹಿಡಿಯುವಾಗ ಹೆಂಡತಿ ಬೈಯುತ್ತಿದ್ದಳು, ನಾನು ಕಾರಣ ಹೇಳುತ್ತಿರಲಿಲ್ಲ.

ಮೊನ್ನೆ ಹೋದಾಗ ಚಹಾ ತಂದುಕೊಟ್ಟವಳು ಗಿರಿಜಾ. ಕೂದಲಲ್ಲಿ ನರೆ, ಕೈಯಲ್ಲಿ ಓದಿಟ್ಟ ಪೇಪರು, ಬಲಗಣ್ಣು ಚೊಕ್ಕ. ಎಲ್ಲವನ್ನೂ ಮೊದಲೇ ಹೇಳಿ ಮದುವೆಯಾದವಳು. ಅಜ್ಜಿ ಹೋಗಿ ಎಷ್ಟೋ ಕಾಲವಾಗಿತ್ತು. ಮಗಳು ಒಳಗೆ ಹೋದ ಮೇಲೆ ವೈನಿ ದನಿ ತಗ್ಗಿಸಿ, "ಅವತ್ತ ಹುಬ್ಬಳ್ಳಿ ಕಟ್ಟಿಮ್ಯಾಲ ಇವರು ಸುಳ್ಳ ಹೇಳಿದಾಗ ನೀವು ಬಾಜೂಕ ಕುಂತಿದ್ರಿ" ಎಂದರು.

ನಾನು ಚಹಾ ಕೆಳಗಿಟ್ಟೆ. "ನಿಮಗ ಯಾವಾಗ ತಿಳೀತ್ರಿ?" ಎಂದೆ.

"ತಿರುಗಿ ಬಂದ ದಿನಾನ. ಬ್ಯಾಟರಿ ಎಷ್ಟ ಓರೆ ಹಿಡದ್ರ ಆ ಬಿಳುಪು ಕಾಣತೈತಿ ಅಂತ ದವಾಖಾನ್ಯಾಗ ನನಗ ಕಲಿಸಿದ್ರು, ಆಕಿಗೆ ಯಾರೂ ಹೇಳಿಕೊಟ್ಟಿದ್ದಿಲ್ಲ. ನಾ ಬಾಗಲದಾಗ ನಿಂತು ನೋಡಿದೆ. ಮೊದಲನೇ ಸಲಕ್ಕ ಅಗದಿ ಬರೋಬರಿ ಹಿಡದ್ಲು."

"ಮತ್ತ ಸುಮ್ಮನ ಯಾಕ ಇದ್ರಿ?"

"ಇನ್ನೇನ ಮಾಡ್ಲಿ ಸರ್ರ? ಇವರ ಕಣ್ಣಾಗ, ನನ್ನ ಬಸುನ ಕಣ್ಣಾಗ, ಆ ಬಿಳುಪು ಮೊದಮೊದಲು ಹೆಂಗಿರತೈತಿ ಅಂತ ಕಂಡಾಕಿ ಆಕಿ ಒಬ್ಬಾಕೀನ ಇದ್ಲು. ಗಿರಿಜಾಂದು ಇನ್ನೊಂದು ಕಣ್ಣ ಉಳೀಬೇಕಾಗಿತ್ತು. ಆಕಿನ್ನ ಮನಿಬಿಟ್ಟು ಕಳಿಸಿದ್ರ ಯಾರ ಕಾಯ್ತಿದ್ರು? ಇವರು ಅವ್ವನ್ನ ಉಳಿಸಿದೆ ಅಂತ ತಿಳಕೊಂಡ ಹ್ವಾದ್ರು. ಹೋಗ್ಲಿ. ನಾ ಆಕಿ ಸಾಯೂತನಕ ಬಿಸಿ ರೊಟ್ಟಿ ಮಾಡಿ ಹಾಕಿದೆ, ದಿನಾ ಸಂಜೀಕ ನನ್ನ ಮಗಳನ್ನ ಆಕಿ ತೊಡಿಮ್ಯಾಲ ಮಲಗಿಸಿ ಬ್ಯಾಟರಿ ಕೈಯಾಗ ಕೊಟ್ಟೆ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಬಸುನ ಸಲುವಾಗಿ ಆಕಿನ್ನ ಮಾಫ್ ಮಾಡಿಲ್ರಿ. ಇವತ್ತಿಗೂ ಮಾಡಿಲ್ಲ."